ಸಂಜೆಯ ಹಾಲು ಯಾರು ಹಿಂಡಬೇಕು?

ನಮ್ಮ ಅತ್ತೆ ನೀಲವ್ವ ನೆಮ್ಮದಿಯಾಗಿ ಕೂಡುತ್ತಿದ್ದದ್ದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೂ ಎಮ್ಮೆಯ ಪಕ್ಕದಲ್ಲಿ. ಮೊಣಕಾಲ ನಡುವೆ ಚರಿಗೆ ಸಿಕ್ಕಿಸಿಕೊಂಡು, ಎಮ್ಮೆಯ ಹೊಟ್ಟೆಗೆ ಹಣೆ ಒರಗಿಸಿ, ಕಣ್ಣು ಮುಚ್ಚಿ ಹಾಲು ಹಿಂಡುತ್ತಿದ್ದರು. ಮನೆಯವರ ಜೊತೆ ಅಳೆದು ತೂಗಿ ಮಾತಾಡುವ ಹೆಂಗಸು ಎಮ್ಮೆಗೆ ಮಾತ್ರ ಮನೆಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದರು. ಅದರಲ್ಲಿ ಹೆಚ್ಚಿನದು ನನ್ನ ಸುದ್ದಿಯೇ.

"ಸೊಸಿ ಇವತ್ತ ಸಾರಿಗೆ ಉಪ್ಪ ಹಾಕೋದು ಮರತಾಳ, ಗೌರವ್ವ. ಏನರ ಅಂದ್ರ ಮಾರಿ ಊದಿಸ್ತಾಳ. ಅದಕ್ಕ ನಿನ್ನ ಮುಂದ ಹೇಳಾಕತ್ತೀನಿ."

ನಾನು ಈಚೆ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ದನದ ಮನೆಗೂ ಅಡುಗೆ ಮನೆಗೂ ನಡುವೆ ಒಂದೇ ಗೋಡೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟು ಮಾಡಲಿಕ್ಕೂ ಶಕ್ತಿ ಉಳಿಯುತ್ತಿರಲಿಲ್ಲ.

ಗೌರವ್ವ ಆ ಎಮ್ಮೆಯ ಹೆಸರು. ಅತ್ತೆಯ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡುತ್ತಿರಲಿಲ್ಲ. ಬೇರೆ ಯಾರಾದರೂ ಹತ್ತಿರ ಹೋದರೆ ಒದೆಯುತ್ತಿತ್ತು. ಹೀಗಾಗಿ ಅತ್ತೆ ಯಾವ ಮದುವೆಗೆ ಹೋದರೂ ಅಕ್ಕಿಕಾಳು ಹಾಕಿ, ಉಂಡು, ಸಂಜೆಯೊಳಗೆ ನಮ್ಮೂರು ಇರಕಲ್ಲಗಡಕ್ಕೆ ವಾಪಸು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಪ್ಪಳದ ಕಚೇರಿಯೊಂದರಲ್ಲಿ ಜವಾನರಾಗಿದ್ದ ನಮ್ಮ ಯಜಮಾನರು, ಗದಗಿನಲ್ಲಿ ಪ್ರಾಣಿ ಸಂಗ್ರಹಾಲಯ ಐತಂತೆ, ಅಲ್ಲಿ ಹುಲಿ ಐತಂತೆ ಎಂದು ಸುದ್ದಿ ತಂದರು. ನಮ್ಮ ಹುಡುಗರಿಬ್ಬರೂ ಅವತ್ತಿನಿಂದ ಹುಲಿಯ ಜಪ ಹಿಡಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಕೊಪ್ಪಳ, ಅಲ್ಲಿಂದ ಪ್ಯಾಸೆಂಜರ್ ಗಾಡಿಗೆ ಗದಗ, ರಾತ್ರಿ ಕೊನೆಯ ಬಸ್ಸಿಗೆ ಮನೆ ಎಂದು ಯೋಜನೆಯಾಯಿತು. ನಾನು ರೊಟ್ಟಿ ಬಡಿದು ಶೇಂಗಾ ಚಟ್ನಿ ಕುಟ್ಟಿ ಬುತ್ತಿ ಕಟ್ಟಿದೆ.

ಹೊರಡುವ ಹಿಂದಿನ ದಿನ ಅತ್ತೆ ಕೇಳಿದರು, "ಎಲ್ಲಾ ಖರೆ. ಸಂಜಿ ಹಾಲು ಯಾರು ಹಿಂಡಬೇಕು?"

ಆಮೇಲೆ ಅತ್ತೆಯೇ, "ನೀವು ಹೋಗಿ ಬರ್ರಿ, ನಾ ಇರ್ತೀನಿ" ಎಂದರು. ಅಜ್ಜಿ ಬರದಿದ್ದರೆ ನಾವೂ ಒಲ್ಲೆವು ಎಂದು ಹುಡುಗರು ನೆಲದ ಮೇಲೆ ಉರುಳಾಡಿದರು. ಎಮ್ಮೆ ಹಾಲು ನಿಲ್ಲಿಸಿದ ಮೇಲೆ ಹೋಗೋಣ ಎಂದು ತಡೆದೆವು. ನಿಲ್ಲಿಸಿದಾಗ ಅತ್ತೆ ಹೊಸ ತಕರಾರು ತೆಗೆದರು, "ಗಬ್ಬದಾಕಿನ್ನ ಬಿಟ್ಟು ಹೆಂಗ ಬರ್ಲಿ?" ಹುಲಿ ನೋಡಲೆಂದು ಕಟ್ಟಿದ ಬುತ್ತಿಯನ್ನು ನಾವು ಎಷ್ಟೋ ಸಲ ನಮ್ಮ ಕಟ್ಟೆಯ ಮೇಲೆಯೇ ಬಿಚ್ಚಿ ಉಂಡಿದ್ದೇವೆ. ಕಟ್ಟಿ ಬಿಚ್ಚಿ ನನಗಂತೂ ಸಾಕಾಗಿಹೋಗಿತ್ತು.

ಎಮ್ಮೆ ಈದು ಮತ್ತೆ ಹಾಲು ಶುರುವಾದ ಮೇಲೆ ಒಂದು ಸಂಜೆ ಗೋಡೆಯಾಚೆಯಿಂದ ಮಾತು ಕೇಳಿಸಿತು. "ಹುಲಿ ಅಂದ್ರ ನಿನಗ ಅಂಜಿಕಿ, ಗೊತ್ತೈತಿ ನನಗ. ಆದ್ರ ಒಮ್ಮೆ ನೋಡಬೇಕಂತ ಭಾಳ ಆಸೆ ಆಗೇತವ್ವ. ಯಾರ ಮುಂದ ಹೇಳ್ಲಿ?"

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ನನಗೂ ಹೋಗುವ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಕೊಪ್ಪಳ ದಾಟಿ ನಾನು ಏನನ್ನೂ ಕಂಡಿರಲಿಲ್ಲ. ಆದರೆ ಆ ಮುದುಕಿಯೂ ಕಂಡಿರಲಿಲ್ಲವಲ್ಲ.

"ಅತ್ತೀ, ಹಿಂಡೋದು ನನಗ ಕಲಿಸ್ರಿ. ನೀವು ಹೋಗಿ ಬರ್ರಿ" ಎಂದೆ.

ಅತ್ತೆ ತಾವು ಹಿಂಡುವಾಗ ಉಡುವ ಹಳೆಯ ಇಳಕಲ್ಲ ಸೀರೆಯನ್ನು ನನಗೆ ಉಡಿಸಿದರು. ಸೆಗಣಿ, ತಂಬಾಕು, ಬೆವರು ಎಲ್ಲ ಕೂಡಿದ ವಾಸನೆ ಅದಕ್ಕೆ. ಎಮ್ಮೆ ಮೂಸಿತು, ಸುಮ್ಮನಾಯಿತು. ಕೈ ಹಾಕಿದೆನೋ ಇಲ್ಲವೋ, ಚರಿಗೆ ಗೋಡೆಗೆ ಹೋಗಿ ಬಡಿಯಿತು.

"ಬಾಯಿ ಮುಚ್ಕೊಂಡು ಹಿಂಡಿದ್ರ ಹೆಂಗ ಬಿಟ್ಟಾಳು?" ಬಾಗಿಲ ಹಿಂದಿನಿಂದ ಅತ್ತೆ ಪಿಸುಗುಟ್ಟಿದರು. "ನಾ ಮಾತಾಡಿದಂಗ ಮಾತಾಡು."

"ಏನಂತ ಮಾತಾಡ್ಲಿರಿ?"

ಅತ್ತೆ ಸ್ವಲ್ಪ ಸಂಕೋಚಪಟ್ಟರು. "ಸೊಸಿ ಸುದ್ದಿ ಹೇಳು."

ಹೀಗೆ ನಾನು ನನ್ನ ಮೇಲಿನ ಚಾಡಿಯನ್ನು ನಾನೇ ಹೇಳಲು ಕಲಿತೆ. "ಸೊಸಿ ಇವತ್ತ ತಡಮಾಡಿ ಎದ್ದಾಳ, ಗೌರವ್ವ. ಕಸಾನೂ ಹೊಡೆದಿಲ್ಲ" ಎಂದು ಅತ್ತೆಯ ದನಿಯಲ್ಲಿ ಎಳೆದೆಳೆದು ಹೇಳುತ್ತ ಹೋದೆ. ಒಂದು ವಾರ ಒದೆ ತಿಂದ ಮೇಲೆ ಎಮ್ಮೆ ಹಾಲು ಬಿಟ್ಟಿತು. ಬಾಗಿಲ ಹಿಂದೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದೇ ಕಡಿಮೆ.

ಮುಂದಿನ ರವಿವಾರ ಎಲ್ಲರೂ ಗದಗಿಗೆ ಹೋದರು. ಸಂಜೆ ನಾನು ಸೀರೆ ಬದಲಿಸಿ, ನನ್ನನ್ನೇ ಬೈದುಕೊಂಡು, ಹಾಲು ಹಿಂಡಿದೆ. ರಾತ್ರಿ ಅತ್ತೆ ಬಂದವರೇ ಕಾಲು ತೊಳೆಯದೆ ದನದ ಮನೆಗೆ ಹೋಗಿ ಕೆಚ್ಚಲು ಮುಟ್ಟಿ ನೋಡಿದರು. ಆಮೇಲೆ ನನ್ನ ಪಕ್ಕ ಕೂತರು.

"ಹುಲಿ ಹೆಂಗಿತ್ರಿ?"

"ಛಲೋ ಐತಿ. ಮಲಕ್ಕೊಂಡಿತ್ತು. ಅದಕ್ಕ ಮಾಂಸ ಹಾಕಾವನ್ನ ಕೇಳಿದೆ, ನೀ ಒಂದಿನ ಊರಿಗೆ ಹೋದ್ರ ಇದನ್ನ ಯಾರು ನೋಡ್ಕೋತಾರೋ ತಮ್ಮಾ ಅಂತ. ನಾ ಎಲ್ಲಿ ಹೋಗ್ಲಿ ಯಮ್ಮಾ ಅಂದ. ಅವಂಗ ಎರಡು ರೊಟ್ಟಿ ಕೊಟ್ಟು ಬಂದೆ." ನನ್ನ ಮೊಣಕೈ ಹಿಡಿದರು. "ಮುಂದಿನ ಸಲ ನೀ ಹೋಗು. ನಾ ಮನ್ಯಾಗಿರ್ತೀನಿ. ನಾನಽ ಕಳಸ್ತೀನಿ ನಿನ್ನ."

ಮುಂದಿನ ಸಲ ಎಂಬುದು ಸುಗ್ಗಿ ಮುಗಿಯಲಿ, ರಜೆ ಸಿಗಲಿ, ಹುಡುಗನ ಜ್ವರ ಇಳಿಯಲಿ ಎಂದು ಮುಂದೆ ಮುಂದೆ ಹೋಯಿತು. ಎರಡು ವರ್ಷ ಕಳೆಯುವುದರೊಳಗೆ ಅತ್ತೆ ಹಾಸಿಗೆ ಹಿಡಿದರು. ದಿನಾ ಎರಡೂ ಹೊತ್ತು ಆ ಸೀರೆ ಉಟ್ಟು ಹಿಂಡುವುದು ನನ್ನ ಪಾಲಿಗೆ ಬಂತು. ಒಂದು ದಿನ ಗಂಜಿ ಕುಡಿಸುವಾಗ ನನ್ನನ್ನೇ ನೋಡುತ್ತ, "ಗದಗ ನಿಂದು ಹಂಗಽ ಉಳೀತಲ್ಲಬೇ" ಎಂದರು. ನಾನು ಅವರ ಬಾಯಿ ಒರೆಸಿದೆ. ಅದೇ ಅವರು ನನಗೆ ಆಡಿದ ಕೊನೆಯ ಮಾತಾಯಿತು.

ಮಣ್ಣು ಮಾಡಿ ಬಂದ ಸಂಜೆ ಮನೆ ತುಂಬ ಜನ. ದನದ ಮನೆಯಲ್ಲಿ ಎಮ್ಮೆ ಒಂದೇ ಸವನೆ ಒದರುತ್ತಿತ್ತು. ನಾನು ಸ್ನಾನ ಮಾಡಿ ಆ ಸೀರೆ ಉಟ್ಟು ಹೋಗಿ ಕೂತೆ. ಹಣೆ ಒರಗಿಸಿದೆ. ಕೆಚ್ಚಲಿಗೆ ಕೈ ಹಾಕಿದೆ. ಮಾತಿಲ್ಲದೆ ಅದು ಹಾಲು ಬಿಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಅತ್ತೆಯ ದನಿ ತಂದುಕೊಂಡೆ.

"ಸೊಸಿ ಇವತ್ತ ಮನ್ಯಾಗಿಲ್ಲ, ಗೌರವ್ವ" ಎಂದೆ. "ಹುಲಿ ನೋಡಾಕ ಗದಗಿಗೆ ಹೋಗ್ಯಾಳ. ನಾನಽ ಕಳಿಸೀನಿ."