ತೋರಿಸಲು ಹೋದದ್ದು ನನ್ನ ಕಾಲು

ಪೀಣ್ಯದಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆವು. ಹನ್ನೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದ ನನ್ನ ಎಡಗಾಲಿನಲ್ಲಿ ನರಗಳು ಹಗ್ಗದಂತೆ ಉಬ್ಬಿದ್ದವು. ನಗರದ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಕಾರ್ಖಾನೆಯ ಡಾಕ್ಟರು ಚೀಟಿ ಕೊಟ್ಟಿದ್ದರು. ಹೆಂಡತಿ ಸರೋಜಾ ಜೊತೆಗೆ ಬಂದಳು. ಬಚ್ಚಲಲ್ಲಿ ಜಾರಿ ಮೂಳೆ ಮುರಿದುಕೊಂಡಿದ್ದ ಅವಳ ಬಲಗಾಲಿನ ಪ್ಲಾಸ್ಟರ್ ಬಿಚ್ಚಿ ಎಂಟು ದಿನವಾಗಿತ್ತು. ಕಾಲು ಊದಿತ್ತು; ಪ್ಲಾಸ್ಟರ್ ಬಿಚ್ಚಿದರೆ ಹಾಗೆಯೇ ಎಂದುಕೊಂಡಿದ್ದೆವು.

ತುಮಕೂರು ರಸ್ತೆಯ ತುಂಬ ಲಾರಿ. ಯಶವಂತಪುರದವರೆಗೂ ನಿಂತೇ ಹೋದೆವು. ಮೆಜೆಸ್ಟಿಕ್‌ನಲ್ಲಿ ಇಡ್ಲಿ ತಿಂದೆವು. ಅವಳು ಒಂದನ್ನು ತಟ್ಟೆಯಲ್ಲೇ ಬಿಟ್ಟಳು.

ಆಸ್ಪತ್ರೆಯಲ್ಲಿ ಸರದಿ ಬಂದಾಗ ಹನ್ನೊಂದೂವರೆ. ವಯಸ್ಸಾದ ಡಾಕ್ಟರು ನನ್ನನ್ನು ಮಲಗಿಸಿ ಕಾಲೆತ್ತಿ ಹಿಡಿದು, ನರಗಳು ಬರಿದಾದ ಮೇಲೆ ತೊಡೆಗೆ ರಬ್ಬರ್ ಕೊಳವೆ ಬಿಗಿದು ನಿಲ್ಲಿಸಿದರು. ಕಟ್ಟು ಬಿಚ್ಚಿದೊಡನೆ ಮೇಲಿನಿಂದ ರಕ್ತ ಇಳಿದು ನರಗಳು ಮತ್ತೆ ಉಬ್ಬಿದವು.

"ನರದೊಳಗಿನ ಕವಾಟ ಸಡಿಲವಾಗಿದೆ. ಆಪರೇಷನ್‌ಗೆ ಅವಸರವಿಲ್ಲ," ಎಂದವರು ಬಾಗಿಲಿನಿಂದ ಒಳಗೆ ಬರುತ್ತಿದ್ದ ಸರೋಜಾಳನ್ನು ನೋಡಿದರು. "ನೀವ್ಯಾಕಮ್ಮ ಕುಂಟ್ತೀರಾ? ಕೂತ್ಕೊಳ್ಳಿ."

ಅವಳ ಎರಡೂ ಮೀನಖಂಡಗಳಿಗೆ ಟೇಪು ಸುತ್ತಿ ಅಳೆದರು. ಬಲಗಾಲು ಒಂದೂವರೆ ಇಂಚು ದಪ್ಪ. ಮೆಲ್ಲಗೆ ಒತ್ತಿದರೆ ಅವಳು ಹಲ್ಲು ಕಚ್ಚಿದಳು.

"ತಿಕ್ಕಿದ್ರಾ?"

"ದಿನಾ ಬಿಸಿ ಎಣ್ಣೆ ಹಚ್ಚಿ ತಿಕ್ತಾ ಇದ್ದೆ, ಸಾರ್," ಎಂದೆ.

"ಇನ್ನು ಮುಟ್ಟಬೇಡಿ. ಆಳದ ನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಳಚ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಕಷ್ಟ."

ಅವಳನ್ನು ತಳ್ಳುಗಾಡಿಯಲ್ಲಿ ಎಕ್ಸ್‌ರೇ ಕೋಣೆಗೆ ಒಯ್ದರು. ಪಾದದ ಮೇಲಿನ ನರಕ್ಕೆ ಔಷಧಿ ಚುಚ್ಚಿ ಚಿತ್ರ ತೆಗೆಯುತ್ತಾರಂತೆ. "ಉರೀತದೆ ಕಣ್ರೀ!" ಎಂದು ಅವಳು ಕೂಗಿದ್ದು ಹೊರಗೆ ಕೇಳಿಸಿತು.

ಡಾಕ್ಟರು ಚಿತ್ರವನ್ನು ದೀಪದೆದುರು ಹಿಡಿದರು. ಔಷಧಿಯ ಬಿಳಿ ಗೆರೆ ಮೊಣಕಾಲಿನವರೆಗೆ ಬಂದು ಅಲ್ಲೇ ಕಡಿದಿತ್ತು; ಹೆಪ್ಪು ಇದ್ದದ್ದು ಅಲ್ಲೇ.

ಅವಳನ್ನು ವಾರ್ಡಿಗೆ ಸೇರಿಸಿಕೊಂಡು, ರಕ್ತ ತೆಳುವಾಗಿಸುವ ಔಷಧಿಯನ್ನು ಆಗಲೇ ಶುರು ಮಾಡಿದರು. ಮೂರನೆಯ ದಿನ ಅವಳಿಗೆ ಕೆಮ್ಮು ಬಂದಾಗ ನಾನು ಚಪ್ಪಲಿ ಬಿಟ್ಟೇ ನರ್ಸಮ್ಮನನ್ನು ಕರೆಯಲು ಓಡಿದೆ. ನೀರು ನೆತ್ತಿಗೇರಿತ್ತಷ್ಟೆ.

"ಯಾಕ್ರೀ ಅಳ್ತೀರಾ? ಎಲ್ರೂ ನೋಡ್ತಾವ್ರೆ," ಎಂದಳು ಸರೋಜಾ.

ಹದಿಮೂರನೆಯ ದಿನ, ಮಾತ್ರೆ ಮತ್ತು ಕಾಲಿಗೆ ಸುತ್ತುವ ಪಟ್ಟಿಯೊಂದಿಗೆ ಮನೆಗೆ ಕಳಿಸಿದರು. ಪೀಣ್ಯದಲ್ಲಿ ಇಳಿದಾಗ ಸಂಜೆಯ ಸೈರನ್ ಕೂಗುತ್ತಿತ್ತು. ಮದುವೆಯಾದಾಗಿನಿಂದ ದಾರಿಯಲ್ಲಿ ಸದಾ ನಾನೇ ಮುಂದೆ, ಅವಳು ಹಿಂದೆ. ಅಂದು ಅವಳನ್ನು ಮುಂದೆ ಬಿಟ್ಟು, ಅವಳ ಒಂದೊಂದು ಹೆಜ್ಜೆಯನ್ನೂ ನೋಡುತ್ತ, ಮನೆಯವರೆಗೆ ಹಿಂದೆಯೇ ನಡೆದೆ.