ಫುಟ್‌ಬಾಲ್ ಕಾಕಾನ ಕಟ್ಟೆ

ಸೊಸೆ ಒಗ್ಗರಣೆಗೆ ಕುಸುಬಿ ಎಣ್ಣೆ ಕಾಯಿಸಿದಳು. ಆ ವಾಸನೆ ಪಡಸಾಲೆಗೆ ಬಂದೊಡನೆ ನನ್ನ ಕೈ ತಾನಾಗಿಯೇ ಮೊಣಕಾಲಿಗೆ ಹೋಯಿತು. ಗೋಡೆಯಾಚೆಯವನು ನೆನಪಾದ…

ಮನಗೂಳಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಮನೆ ಅವನದು. ದೂರದ ಊರುಗಳ ದೊಡ್ಡ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿ, ಮೊಣಕಾಲು ಕೆಟ್ಟ ಮೇಲೆ ಮರಳಿ ಬಂದಿದ್ದ. ಡಿಫೆಂಡರ್. ಎದುರಾಳಿ ಚೆಂಡು ತಂದಾಗ ಅಡ್ಡ ನಿಲ್ಲುವುದು ಅವನ ಕೆಲಸ. ನಮ್ಮ ಕಡೆ ಅವನ ಆಟ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೂ ಇಂಡಿ, ಸಿಂದಗಿ, ನಾಲತವಾಡದಿಂದ ಬಂದು ಅವನನ್ನು ಪಂದ್ಯಗಳಿಗೆ ಅತಿಥಿಯಾಗಿ ಕರೆದೊಯ್ಯುತ್ತಿದ್ದರು. ಹುಡುಗರಿಗೆ ಅವನು ಫುಟ್‌ಬಾಲ್ ಕಾಕಾ.

ಅದಕ್ಕೂ ಮೊದಲು ಬಹುಮಾನ ಕೊಡಲು ಕರೆಯುತ್ತಿದ್ದುದು ನನ್ನನ್ನು. ಪ್ರಾಯದಲ್ಲಿ ಕುಸ್ತಿ ಗೆದ್ದವನು ನಾನು. ಈಗ ಶಾಲು, ಹಾರ ಎಲ್ಲ ಗೋಡೆಯಾಚೆಗೆ ಹೋಗುತ್ತಿದ್ದವು. ಹೊಟ್ಟೆ ಉರಿಯುತ್ತಿತ್ತು. ಆದರೂ ಸಂಜೆ ಅವನು, "ಅಣ್ಣಾರ, ಎಣ್ಣಿ ಕಾಯ್ಸೇನಿ, ಬರ್ರಿ," ಎಂದು ಕೂಗಿದರೆ ಹೋಗುತ್ತಿದ್ದೆ. ಅವನ ಕಟ್ಟೆಯ ಮೇಲೆ ಇಬ್ಬರೂ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತ ಕೂರುತ್ತಿದ್ದೆವು. ಅಂಥ ಒಂದು ಸಂಜೆ, ಊರಲ್ಲಿ ಯಾರಿಗೂ ಹೇಳದ ಮಾತನ್ನು ನನಗೆ ಹೇಳಿದ. ಅವನ ಕಾಲಿನಿಂದ ಆದದ್ದು ಒಂದೇ ಗೋಲು. ಅದೂ ಫೈನಲ್‌ನಲ್ಲಿ, ತನ್ನದೇ ತಂಡದ ವಿರುದ್ಧ.

ನಾನು ಮಾಡಿದ್ದೇನು? ಹೈಸ್ಕೂಲ್ ಮೈದಾನಕ್ಕೆ ಅವನು ಕಬಡ್ಡಿ ಬಹುಮಾನ ಕೊಡಲು ಬಂದ ದಿನ ನಾನು ಮೈಕು ಹಿಡಿದು, "ತಮ್ಮಾ, ನೀ ಎಷ್ಟು ಗೋಲ್ ಹೊಡದೀ, ಮಂದಿಗಿ ಹೇಳಪಾ!" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಒಂದ ರಿ. ಅದೂ ನಮ್ಮ ಗೋಲಿಗೇ."

ಮೈದಾನವೆಲ್ಲ ನಕ್ಕಿತು. ಮುಂದೆ ಕೂತಿದ್ದ ಕುರಿ ಕಾಯುವ ಮುದುಕಿ ಮಾತ್ರ ನಗಲಿಲ್ಲ. "ಆಮ್ಯಾಲೇನ್ ಮಾಡಿದ್ಯೋ ಯಪ್ಪಾ?"

"ಮುಂದಿನ ಆಟಕ್ಕ ಮತ್ತ ಅದ ಜಾಗಾದಾಗ ನಿಂತ್ನಿ, ಯವ್ವಾ. ಮಂದಿ ಬೈದ್ರು. ನಿಂತ್ನಿ."

"ಹಂಗಾದ್ರ ಗಟ್ಟಿ ಅದೀ ಬಿಡು!" ಎಂದಳು ಮುದುಕಿ. ಚಪ್ಪಾಳೆ ನಿಲ್ಲಲೇ ಇಲ್ಲ.

ಕುಗ್ಗಿಸಲೆಂದು ನಾನು ಹೇಳಿಸಿದ ಮಾತು ಅವನನ್ನು ಜನರಿಗೆ ಇನ್ನಷ್ಟು ಹತ್ತಿರ ಮಾಡಿತು. ಮುದ್ದೇಬಿಹಾಳದ ಪಂದ್ಯದಲ್ಲಿ ಕೊನೆಯ ಪಾಯಿಂಟ್ ಬಿಟ್ಟುಕೊಟ್ಟು ಬೈಸಿಕೊಂಡವನು, ಮೆಟ್ರಿಕ್ ಫೇಲಾಗಿ ಹೊರಗೆ ಬರಲು ನಾಚುತ್ತಿದ್ದ ಗೊಳಸಂಗಿಯ ಹುಡುಗಿ… ತಪ್ಪಿದವರೆಲ್ಲ ಆ ಕಟ್ಟೆಗೆ ಬಂದು ಕೂರತೊಡಗಿದರು. ಅವನು ಬುದ್ಧಿ ಹೇಳುತ್ತಿರಲಿಲ್ಲ. ಚಹಾ ಕುಡಿಸಿ, "ನಾಳಿ ಮತ್ತ ಹೋಗು," ಎನ್ನುತ್ತಿದ್ದ, ಅಷ್ಟೆ.

ಮೈದಾನದಿಂದ ಬಂದ ಆ ಸಂಜೆಯೂ ಗೋಡೆಯಾಚೆಯಿಂದ ಕೂಗು ಬಂತು: "ಅಣ್ಣಾರ, ಎಣ್ಣಿ ಕಾಯ್ಸೇನಿ, ಬರ್ರಿ." ಮನೆಯಲ್ಲಿಲ್ಲ ಎಂದು ಹೇಳಿಸಿದೆ. ನನ್ನ ಕೆಮ್ಮು ಅವನಿಗೆ ಕೇಳಿಸಿರಲೇಬೇಕು… ಮರುದಿನವೂ ಕೂಗಿದ. ಬಹಳ ದಿನ ಕೂಗಿದ. ತಾಲೂಕು ದಾಟಿ ಜನ ಬರುತ್ತಿದ್ದ ಕಟ್ಟೆಗೆ ಪಕ್ಕದ ಮನೆಯ ನಾನು ಹೋಗಲಿಲ್ಲ.

ಹೋದ ವರ್ಷ ಅವನು ತೀರಿಕೊಂಡಾಗ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಎಲ್ಲರ ಹಿಂದೆ ನಿಂತಿದ್ದೆ.

ಇವತ್ತು ಸೊಸೆಯ ಕೈಯಿಂದ ಬಟ್ಟಲಲ್ಲಿ ಬಿಸಿ ಎಣ್ಣೆ ಇಸಿದುಕೊಂಡು ಹೊರಟೆ. "ಮಾವಾರ, ಆ ಮನಿಗಿ ಕೀಲಿ ಹಾಕೈತಿ, ಅಲ್ಲೇನ್ ಮಾಡ್ತೀರಿ?" ಎಂದಳು. ಎಣ್ಣೆ ತಣ್ಣಗಾಗುವವರೆಗೆ ಅವನ ಕಟ್ಟೆಯ ಮೇಲೆ ಕೂತಿದ್ದೆ.