ಮುಟ್ಟಿದರೆ ಮುನಿಯದ ಗಿಡ

ಓಕ್ಲ್ಯಾಂಡಿನ ಹಳ್ಳದ ದಂಡೆಯಲ್ಲಿ ಗೆಳತಿ ಶೈಲಜಾ ಬೆಳಗಿನಿಂದ ಕಳೆ ಕೀಳುತ್ತಿದ್ದಳು. ಪ್ರತಿ ಶನಿವಾರ ಅವಳದು ಇದೇ ಸೇವೆ. ಅಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನ ಅವಳ ಮನೆಗೆ ಬಂದಿಳಿದಿದ್ದ ನಾನು ಸುಮ್ಮನೆ ಜೊತೆಗೆ ಹೋಗಿದ್ದೆ. ಅವಳು ಕೀಳುತ್ತಿದ್ದ ಗಿಡದ ಕಾಂಡ ನೀರು ತುಂಬಿಕೊಂಡು, ಬೆಳಕು ಹಾಯುವಷ್ಟು ತೆಳುವಾಗಿ ಕಾಣುತ್ತಿತ್ತು. ನಸುಗೆಂಪು ಬಿಳಿ ಹೂವಿನ ಹಿಂದೆ ಸಣ್ಣದೊಂದು ಬಾಲ; ಮಕರಂದವೆಲ್ಲ ಅದರೊಳಗಂತೆ.

"ಇದರ ಹೆಸರೇನೆ?"

"ಟಚ್ ಮಿ ನಾಟ್. ಬೀಜ ಬಿತ್ತು ಅಂದ್ರೆ ಮುಂದಿನ ವರ್ಷ ಕ್ರೀಕ್ ತುಂಬಾ ಇದೇ."

ನನಗೆ ಗೊತ್ತಿದ್ದ ಟಚ್ ಮಿ ನಾಟ್ ಒಂದೇ, ನಮ್ಮ ಮುಟ್ಟಿದರೆ ಮುನಿ. ಇದರ ಎಲೆ ಹಾಗಿರಲಿಲ್ಲ. ಆದರೂ ಮಡಚಿಕೊಳ್ಳುತ್ತದೇನೋ ನೋಡೋಣವೆಂದು ಒಂದು ಎಲೆ ಮುಟ್ಟಿದೆ. ಅದು ಅಲುಗಲಿಲ್ಲ. ಪಕ್ಕದಲ್ಲೇ ಉಬ್ಬಿದ ಹಸಿರು ಕಾಯಿಯೊಂದಿತ್ತು. ಅದನ್ನೂ ಮೆಲ್ಲಗೆ ಮುಟ್ಟಿದೆ. ಕಾಯಿ ಫಟ್ಟೆಂದು ಸಿಡಿದು, ಸಿಪ್ಪೆ ಸುರುಳಿ ಸುತ್ತಿಕೊಂಡಿತು. ಒಂದೆರಡು ಬೀಜ ಶೈಲಜಾಳ ಕನ್ನಡಕಕ್ಕೆ ಬಡಿದವು. ಉಳಿದವು ಅವಳು ಆಗಷ್ಟೇ ಹಸನು ಮಾಡಿದ್ದ ನೆಲದ ಮೇಲೆ ಚದುರಿದವು.

"ಇದು ಮುನಿಯೋದು ಹೀಗಾ?" ಎಂದೆ.

ಅವಳು ಕನ್ನಡಕ ಒರೆಸಿಕೊಂಡು, ಬೀಜ ಹೆಕ್ಕಲು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಗಿಡ ಮುನಿಯಲ್ಲ ಕಣೆ. ಇಲ್ಲಿ ಮುನಿಯೋಳು ನಾನು."